ಶೇರ್ ಮಾಡಿದ ಫೋಲ್ಡರ್‌ಗೆ ಎರಡು ಬಾಗಿಲು

ಹೋದ ವರ್ಷ ರಾಜ್ಯೋತ್ಸವ ಮುಗಿದ ವಾರವೇ ಕ್ಲಬ್ ರೂಮಿನ ಕಂಪ್ಯೂಟರ್‌ನಲ್ಲಿದ್ದ ನಾಟಕದ ಫೋಟೋ ಫೋಲ್ಡರ್ ಮಾಯವಾಯ್ತು. ಜೂನಿಯರ್ ಒಬ್ಬರು ತಮ್ಮ ಲ್ಯಾಪ್‌ಟಾಪ್‌ನಿಂದ ನೆಟ್‌ವರ್ಕ್ ಮೂಲಕ ತೆರೆದು, ಇದು ತಮ್ಮ ಕಾಪಿ ಅಂದ್ಕೊಂಡು ಡಿಲೀಟ್ ಒತ್ತಿದ್ರು. ರೀಸೈಕಲ್ ಬಿನ್ ಹುಡುಕಿದ್ವಿ, ಖಾಲಿ. ನೆಟ್‌ವರ್ಕ್ ಮೂಲಕ ಅಳಿಸಿದ್ದು ಅಲ್ಲಿಗೆ ಹೋಗಲ್ಲ ಅಂತ ನಮಗೆ ಗೊತ್ತಾಗಿದ್ದು ಆವತ್ತೇ. ಅವರನ್ನು ಬೈಯೋ ಹಾಗೂ ಇರಲಿಲ್ಲ. ಜೂನಿಯರ್‌ಗಳಿಗೆ ‘ರೀಡ್’ ಮಾತ್ರ ಕೊಟ್ಟಿದ್ದೀವಿ ಅಂತ ನಂಬಿ ಕೂತಿದ್ದು ನಾವೇ.

ಹಾಗಿದ್ರೆ ಡಿಲೀಟ್ ಆಗಿದ್ದು ಹೇಗೆ? ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’, ‘ಸೆಕ್ಯುರಿಟಿ’ ಅಂತ ಎರಡು ಟ್ಯಾಬ್ ಇವೆ. ಎರಡರಲ್ಲೂ ಪರ್ಮಿಷನ್ ಕೊಡಬಹುದು. ಇವನ್ನು ಎರಡು ಬಾಗಿಲು ಅಂದ್ಕೊಳ್ಳಿ. ನೆಟ್‌ವರ್ಕ್‌ನಿಂದ ಬರೋರು ಎರಡನ್ನೂ ದಾಟಬೇಕು, ಯಾವುದು ಕಡಿಮೆ ಬಿಡುತ್ತೋ ಅಷ್ಟೇ ಅವರಿಗೆ ಸಿಗೋದು. ಅದೇ ಕಂಪ್ಯೂಟರ್ ಮುಂದೆ ಕೂತು ಲಾಗಿನ್ ಆದವರಿಗೆ ಸೆಕ್ಯುರಿಟಿ ಬಾಗಿಲು ಒಂದೇ. ಪೆನ್‌ಡ್ರೈವ್‌ನಲ್ಲಿ ಆ ಟ್ಯಾಬ್ ಸಾಮಾನ್ಯವಾಗಿ ಕಾಣಲ್ಲ, ಯಾಕಂದ್ರೆ ಅದು ಎನ್‌ಟಿಎಫ್‌ಎಸ್ ಡಿಸ್ಕ್‌ನ ಸೌಲಭ್ಯ.

ಶೇರಿಂಗ್‌ನಲ್ಲಿ ನಾವು ‘ಎವ್ರಿಒನ್’ಗೆ ಫುಲ್ ಕಂಟ್ರೋಲ್ ಕೊಟ್ಟಿದ್ವಿ. ತಪ್ಪು ಅದೇ ಅಂತ ಮೊದಲು ಅನ್ನಿಸಿತು. ಅಲ್ಲ. ಸೆಕ್ಯುರಿಟಿ ಬಾಗಿಲು ಗಟ್ಟಿ ಇದ್ದಿದ್ರೆ ಅದರಿಂದ ತೊಂದರೆ ಆಗ್ತಿರಲಿಲ್ಲ.

ನಾವು ಎಡವಿದ್ದು ಸೆಕ್ಯುರಿಟಿ ಟ್ಯಾಬ್‌ನಲ್ಲೇ. ಎರಡು ಬಾಗಿಲುಗಳ ನಡುವೆ ಕಡಿಮೆಯದ್ದು ಗೆಲ್ಲುತ್ತೆ ನಿಜ, ಆದರೆ ಒಂದೇ ಬಾಗಿಲಿನ ಒಳಗೆ ಒಬ್ಬರಿಗೆ ಸಿಕ್ಕ ಅನುಮತಿಗಳೆಲ್ಲ ಕೂಡುತ್ತಾ ಹೋಗುತ್ತವೆ. ಜೂನಿಯರ್‌ಗಳ ಗ್ರೂಪ್‌ಗೆ ರೀಡ್ ಅಂತ ಒಂದು ಸಾಲು ಸೇರಿಸಿದ್ವಿ. ಆದರೆ ಡಿ ಡ್ರೈವ್‌ನಿಂದ ತಾನಾಗಿ ಇಳಿದು ಬಂದ ‘ಅಥೆಂಟಿಕೇಟೆಡ್ ಯೂಸರ್ಸ್: ಮಾಡಿಫೈ’ ಅನ್ನೋ ಸಾಲು ಅಲ್ಲೇ ಇತ್ತು. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರೆಲ್ಲ ಆ ಗುಂಪಿಗೆ ಸೇರುತ್ತಾರೆ, ಜೂನಿಯರ್‌ಗಳೂ ಸೇರಿದಂತೆ. ಮಾಡಿಫೈ ಅಂದ್ರೆ ಅದರಲ್ಲಿ ಡಿಲೀಟ್ ಕೂಡ ಇದೆ!

ಸರಿ ಮಾಡೋಕೆ ಸೆಕ್ಯುರಿಟಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ, ‘ಡಿಸೇಬಲ್ ಇನ್‌ಹೆರಿಟೆನ್ಸ್’ ಕೊಡಿ. ಆಗ ಕೇಳೋ ಪ್ರಶ್ನೆಗೆ ‘ಕನ್ವರ್ಟ್’ ಅನ್ನೋ ಉತ್ತರವನ್ನೇ ಆರಿಸಿ, ಇಲ್ಲದಿದ್ರೆ ಬಂದಿದ್ದ ಸಾಲುಗಳೆಲ್ಲ ಒಂದೇ ಸಲ ಹೋಗುತ್ತವೆ. ಆಮೇಲೆ ಅಥೆಂಟಿಕೇಟೆಡ್ ಯೂಸರ್ಸ್ ಸಾಲು ತೆಗೀರಿ. ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಮ್ ಮುಟ್ಟಬೇಡಿ. ‘ಡಿನೈ’ ಟಿಕ್ ಮಾಡೋ ಆಸೆ ಬರುತ್ತೆ, ಬೇಡ. ಸಾಮಾನ್ಯವಾಗಿ ಅದು ಅಲೋ ಮೇಲೆ ಗೆಲ್ಲುತ್ತೆ. ನಾವು ಒಮ್ಮೆ ಎವ್ರಿಒನ್‌ಗೆ ಡಿನೈ ಕೊಟ್ಟು ನಾವೇ ಹೊರಗೆ ನಿಂತಿದ್ವಿ.

ಲೇಖನ ಹಾಕೋ ಫೋಲ್ಡರ್‌ನ ಲೆಕ್ಕ ಬೇರೆ. ಎಲ್ಲರೂ ಫೈಲ್ ಹಾಕಬೇಕು, ಇನ್ನೊಬ್ಬರದ್ದು ಅಳಿಸಬಾರದು. ಅಲ್ಲಿ ಜೂನಿಯರ್‌ಗಳಿಗೆ ‘ರೀಡ್ ಅಂಡ್ ಎಕ್ಸಿಕ್ಯೂಟ್’ ಮತ್ತು ‘ರೈಟ್’, ‘ಕ್ರಿಯೇಟರ್ ಓನರ್’ಗೆ ಮಾಡಿಫೈ ಕೊಟ್ವಿ. ತಾವು ಹಾಕಿದ್ದನ್ನು ತಾವು ತೆಗೆಯಬಹುದು, ಅಷ್ಟೇ. ರೈಟ್ ಇದ್ದವರು ಬೇರೆಯವರ ಫೈಲ್ ಒಳಗಿನದ್ದನ್ನು ಬದಲಾಯಿಸೋಕೆ ಆಗುತ್ತೆ ಅನ್ನೋದು ಉಳಿದ ಕೊರತೆ. ಇನ್ನು ವರ್ಡ್ ಸೇವ್ ಮಾಡುವಾಗ ತಾತ್ಕಾಲಿಕ ಫೈಲ್ ಬರೆದು ಹಳೆಯದರ ಜಾಗಕ್ಕೆ ಹಾಕುತ್ತೆ, ಅದಕ್ಕೆ ಅಳಿಸೋ ಅನುಮತಿ ಬೇಕು. ಹಾಗಾಗಿ ಕರಡು ತಿದ್ದೋರಿಗೆ ಮಾಡಿಫೈ ಕೊಡಲೇಬೇಕಾಯ್ತು.

ಎಲ್ಲರಿಗೂ ಒಂದೇ ಯೂಸರ್‌ನೇಮ್ ಹಂಚಿದ್ರೆ ಇದೆಲ್ಲ ವ್ಯರ್ಥ, ಕ್ಲಬ್ ಕಂಪ್ಯೂಟರ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಅಕೌಂಟ್ ಇರಲಿ. ಸೆಟ್ ಮಾಡಿದ ಮೇಲೆ ಇನ್ನೊಂದು ಲ್ಯಾಪ್‌ಟಾಪ್‌ನಿಂದ ಜೂನಿಯರ್ ಅಕೌಂಟ್‌ನಲ್ಲಿ ಬಂದು, ಬೇಡದ ಒಂದು ಫೈಲ್ ಅಳಿಸಿ ನೋಡಿ. ನಾವು ಮಾಡದೇ ಬಿಟ್ಟಿದ್ದು ಇದನ್ನೇ.

ನಾಟಕದ ಫೋಟೋಗಳಲ್ಲಿ ಮೂವರ ಫೋನ್‌ನಲ್ಲಿ ಇದ್ದಷ್ಟು ಮಾತ್ರ ವಾಪಸ್ ಸಿಕ್ಕಿವೆ. ಗ್ರೀನ್ ರೂಮಿನದ್ದು ಒಂದೂ ಇಲ್ಲ. ನಿಮ್ಮ ಹತ್ತಿರ ಇದ್ರೆ ಲೇಖನದ ಫೋಲ್ಡರ್‌ಗೇ ತಂದು ಹಾಕಿ.