ಕೊರಿಯ ದೇಶದ 1907ನೆಯ ವರ್ಷ

ಓದತಕ್ಕ ಭಾಗ: ಲೂಕ 19:1–10

ಚೀನಕ್ಕೂ ಜಪಾನಿಗೂ ನಡುವೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕೊರಿಯ ದೇಶದವರು 1907ರಲ್ಲಿ ತಮ್ಮ ಅರಸನನ್ನೂ ದಂಡನ್ನೂ ಕಳೆದುಕೊಂಡರು. ಅದೇ ವರ್ಷದಲ್ಲಿ ಅಲ್ಲಿಯ ಸಭೆಯು ತನ್ನ ಸ್ವಂತ ಬೋಧಕರನ್ನು ಪಡೆಯಿತು. ಈ ತಿಂಗಳ ಪಾಠವು ಇದನ್ನು ಕುರಿತದ್ದೇ.

ಜನವರಿಯಲ್ಲಿ, ಈಗ ಉತ್ತರ ಕೊರಿಯದ ರಾಜಧಾನಿಯಾಗಿರುವ ಪ್ಯೊಂಗ್ಯಾಂಗ್ ಪಟ್ಟಣದ ದೊಡ್ಡ ದೇವಾಲಯದಲ್ಲಿ ಸತ್ಯವೇದಾಭ್ಯಾಸಕ್ಕಾಗಿ ಸುಮಾರು 1,500 ಗಂಡಸರು ನೆರೆದರು. ಹಳ್ಳಿಗಳಿಂದ ಬಂದವರು ತಮ್ಮ ಖರ್ಚನ್ನು ತಾವೇ ಹೊತ್ತಿದ್ದರು. ಅಲ್ಲಿ ಸಭಾಹಿರಿಯನಾದ ಕಿಲ್ ಸನ್-ಜು ಎಂಬಾತನು ಎದ್ದು, ಸಾಯುತ್ತಿದ್ದ ಸ್ನೇಹಿತನು ತನ್ನ ವಶಕ್ಕೊಪ್ಪಿಸಿದ ಆಸ್ತಿಯಿಂದ ನೂರು ಡಾಲರಿನಷ್ಟು ಹಣವನ್ನು ತಾನು ಇಟ್ಟುಕೊಂಡಿದ್ದೇನೆಂದೂ, ಅದನ್ನು ಆ ವಿಧವೆಗೆ ಹಿಂದಕ್ಕೆ ಕೊಡುವೆನೆಂದೂ ಎಲ್ಲರೆದುರಿಗೆ ಅರಿಕೆಮಾಡಿದನು. ಆಗ ಒಬ್ಬರ ಹಿಂದೊಬ್ಬರು ಅಳುತ್ತಾ ತಮ್ಮ ಪಾಪಗಳನ್ನು ಒಪ್ಪಿಕೊಂಡರು. ಅನಂತರದ ದಿನಗಳಲ್ಲಿ ಅನೇಕರು ಕದ್ದ ಹಣವನ್ನೂ ಸಾಮಾನನ್ನೂ ಮನೆಮನೆಗೆ ಹೋಗಿ ಹಿಂದಿರುಗಿಸಿದರು. ಅಳುವಿಕೆಗಿಂತ ಇದೇ ನಮಗೆ ದೊಡ್ಡ ಸಾಕ್ಷಿಯಾಗಿ ತೋರುತ್ತದೆ. ಜಕ್ಕಾಯನು ಅತ್ತನೆಂದು ಲೂಕನು ಬರೆದಿಲ್ಲ. ಹಿಂದಕ್ಕೆ ಕೊಡುವೆನೆಂದು ಹೇಳಿದ್ದನ್ನೇ ಬರೆದಿದ್ದಾನೆ.

ಆಗ ದೇಶದ ಮೇಲೆ ಜಪಾನಿನ ಸಾಲವು 1,30,00,000 ವೊನ್ ಇತ್ತು. ಅದನ್ನು ತೀರಿಸಲಿಕ್ಕಾಗಿ ಗಂಡಸರು ಮೂರು ತಿಂಗಳು ಹೊಗೆಸೊಪ್ಪು ಬಿಟ್ಟು ಆ ಹಣವನ್ನು ಕೊಡಬೇಕೆಂದು ಫೆಬ್ರವರಿಯಲ್ಲಿ ತೇಗು ಪಟ್ಟಣದವರು ಗೊತ್ತುಮಾಡಿದರು. ಹೆಂಗಸರು ತಮ್ಮ ಉಂಗುರಗಳನ್ನು ತಂದುಕೊಟ್ಟರು. ಆದರೂ ಸಾಲ ತೀರಲಿಲ್ಲ.

1905ರಿಂದಲೇ ಕೊರಿಯದ ಹೊರದೇಶದ ವ್ಯವಹಾರಗಳು ಜಪಾನಿನ ಕೈಸೇರಿದ್ದವು. ಈ ಅನ್ಯಾಯವನ್ನು ಜಗತ್ತಿಗೆ ತಿಳಿಸಬೇಕೆಂದು ಅರಸನಾದ ಕೊಜೊಂಗನು ಯೂರೋಪಿನ ಹೇಗ್ ನಗರದಲ್ಲಿ ಕೂಡಿದ ಸಮಾಧಾನ ಸಮ್ಮೇಳನಕ್ಕೆ ಮೂವರನ್ನು ಗುಪ್ತವಾಗಿ ಕಳುಹಿಸಿದನು. ಅವರನ್ನು ಒಳಗೆ ಸೇರಿಸಲಿಲ್ಲ. ಅವರಲ್ಲಿ ಕ್ರೈಸ್ತನಾದ ಯಿ ಜುನ್ ಅಲ್ಲಿಯೇ ಜುಲೈ 14ರಂದು ಸತ್ತನು. ಅದೇ ತಿಂಗಳಲ್ಲಿ ಜಪಾನಿನವರ ಒತ್ತಾಯದಿಂದ ಅರಸನು ಪಟ್ಟವನ್ನಿಳಿದನು. ಆಗಸ್ಟ್ 1ರಂದು ದಂಡನ್ನು ಮುರಿದುಹಾಕಿದರು.

ಪಾಪಕ್ಕಾಗಿ ಅತ್ತವರು ದೇಶವನ್ನು ಮರೆತರೆಂದು ದೂರುವವರುಂಟು. ಆದರೆ 1919ರ ಸ್ವಾತಂತ್ರ್ಯ ಘೋಷಣೆಯಲ್ಲಿರುವ 33 ಹೆಸರುಗಳಲ್ಲಿ ಕಿಲ್ ಸನ್-ಜುವಿನದೂ ಒಂದಾಗಿದೆ.

ಸೆಪ್ಟೆಂಬರಿನಲ್ಲಿ ಅದೇ ಪ್ಯೊಂಗ್ಯಾಂಗಿನಲ್ಲಿ ಕೊರಿಯದ ಪ್ರೆಸ್ಬಿಟೇರಿಯನ್ ಸಭೆಗಳ ಮೊದಲನೆಯ ಕೂಟವು ನೆರೆದು, ಏಳು ಮಂದಿ ದೇಶೀಯರಿಗೆ ಬೋಧಕರ ಅಭಿಷೇಕವನ್ನು ಕೊಟ್ಟಿತು. ಕಿಲ್ ಸನ್-ಜು ಅವರಲ್ಲೊಬ್ಬನು. ಮತ್ತೊಬ್ಬನಾದ ಯಿ ಗಿ-ಪುಂಗ್ ಹಿಂದೆ ಮಿಶನೆರಿ ಮೋಫೆಟ್‌ರವರಿಗೆ ಕಲ್ಲೆಸೆದಿದ್ದವನು. ಈಗ ಕೂಟದ ಅಧ್ಯಕ್ಷರು ಆ ಮೋಫೆಟ್‌ರವರೇ. ದಕ್ಷಿಣ ಸಮುದ್ರದ ಜೇಜು ದ್ವೀಪಕ್ಕೆ ಸುವಾರ್ತೆಗಾಗಿ ಈತನನ್ನು ನೇಮಿಸಿ, ಅದರ ವೆಚ್ಚಕ್ಕೆ ಕೊರಿಯದ ಸಭೆಗಳವರೇ ಕಾಣಿಕೆಯೆತ್ತಿದರು. 1908ರಲ್ಲಿ ಆತನು ಆ ದ್ವೀಪವನ್ನು ಮುಟ್ಟಿದನು.