ಸೊಂಟದ ಒಳದಟ್ಟಿ: ಹೊಟ್ಟೆಯ ಆಳದ ಸ್ನಾಯುಗಳಿಗೆ ವ್ಯಾಯಾಮ



ಕಬ್ಬು ಕಟಾವಿನ ಕಾಲದಲ್ಲಿ ನಮ್ಮವರಲ್ಲಿ ಮೊದಲು ಸೋಲುವುದು ಸೊಂಟ. ಬುಡಕ್ಕೆ ಬಗ್ಗಿ ಕಡಿಯುವುದು, ಸೋಗೆ ಸುಲಿಯುವುದು, ಹೊರೆ ಕಟ್ಟಿ ತಲೆಯ ಮೇಲೆತ್ತಿ ಟ್ರೇಲರಿಗೆ ಏರಿಸುವುದು, ಎಲ್ಲದರ ಭಾರವೂ ನಡುವಿಗೇ ಬೀಳುತ್ತದೆ. ರತ್ನಗಿರಿ, ರೊಳ್ಳ ಕಡೆಯವರಿಗೆ ಕಡಲೆಕಾಯಿ ಕೀಳುವ ಕೆಲಸ ಬೇರೆ. ಅಲ್ಲಿಯೂ ಬಗ್ಗಿಯೇ ದುಡಿಯಬೇಕು.

ಹಿರಿಯರು ಭಾರದ ಕೆಲಸಕ್ಕೆ ಮುನ್ನ ನಡುವಿಗೆ ವಸ್ತ್ರ ಬಿಗಿದು ಟೊಂಕ ಕಟ್ಟುತ್ತಿದ್ದರು. ದೇಹದೊಳಗೂ ಅಂಥದೇ ಒಂದು ಕಟ್ಟು ಉಂಟು. ಹೊಟ್ಟೆಯ ಅತ್ಯಂತ ಒಳಪದರದ ಸ್ನಾಯು ಬೆನ್ನಿನ ಕಡೆಯಿಂದ ಹೊರಟು, ಪಕ್ಕಗಳನ್ನು ಬಳಸಿ, ಅಡ್ಡಲಾಗಿ ಮುಂದಕ್ಕೆ ಸುತ್ತಿಕೊಂಡಿದೆ. ವೈದ್ಯರು ಇದನ್ನು ‘ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್’ ಎನ್ನುತ್ತಾರೆ. ನಾವು ಒಳದಟ್ಟಿ ಎನ್ನೋಣ. ಬೆನ್ನೆಲುಬಿಗೆ ಅಂಟಿಕೊಂಡ ಸಣ್ಣ ಸ್ನಾಯುಗಳು ಇದರ ಜೊತೆಗಾರರು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರೋಗ್ಯವಂತರು ತೋಳೆತ್ತುವುದಕ್ಕೆ ಮೊದಲೇ ಒಳದಟ್ಟಿ ಬಿಗಿದುಕೊಳ್ಳುವುದು ಕಂಡುಬಂತು. ಸೊಂಟನೋವಿನವರಲ್ಲಿ ಅದು ತಡವಾಗಿ ಬಿಗಿಯಿತು; ನೀರು ನುಗ್ಗಿದ ಮೇಲೆ ಬದು ಹಾಕಿದ ಹಾಗೆ. ಅದೇ ವರ್ಷ ಅಲ್ಲಿಯ ಹೈಡ್ಸ್ ಮತ್ತು ಸಂಗಡಿಗರು ಮೊದಲ ಸಲ ಸೊಂಟ ಹಿಡಿದವರನ್ನು ಪರೀಕ್ಷಿಸಿದರು. ಬಹುತೇಕ ಮಂದಿಗೆ 4 ವಾರದಲ್ಲಿ ನೋವು ಹೋಯಿತು. ಆದರೆ ವ್ಯಾಯಾಮ ಮಾಡದವರಲ್ಲಿ ಆ ಸಣ್ಣ ಸ್ನಾಯು 10 ವಾರವಾದರೂ ಮೊದಲಿನಂತಾಗಿರಲಿಲ್ಲ.

ನಾವು ಮೋಸಹೋಗುವುದು ಇಲ್ಲಿಯೇ. ಬಿತ್ತನೆ ಕಬ್ಬಿನ ಹೊರೆ ಎತ್ತುವಾಗ ಒಮ್ಮೆ ನನಗೂ ಸೊಂಟ ಹಿಡಿಯಿತು. ಎಂಟು ದಿನ ಮಲಗಿ, ವಾಸಿಯಾಯಿತೆಂದು ಪುನಃ ಅದೇ ಹೊರೆಗೆ ಕೈಹಾಕಿದೆ. ಎರಡನೆಯ ಸಲ ಇಡೀ ಹಂಗಾಮೇ ಕೈಬಿಟ್ಟಿತು.

ಅಭ್ಯಾಸದ ಕ್ರಮ ಹೀಗೆ: ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ನೆಲಕ್ಕೂರಬೇಕು. ಸೊಂಟದ ಮುಂಮೂಳೆಗಳ ಒಳಬದಿಯಲ್ಲಿ ಎರಡೆರಡು ಬೆರಳಿಡಬೇಕು. ಉಸಿರು ಬಿಟ್ಟ ನಂತರ, ಮೂತ್ರವನ್ನು ತಡೆಯುವಾಗಿನಂತೆ, ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆಳೆಯಬೇಕು. ಬೆರಳಡಿ ಆಳದಲ್ಲಿ ಹದವಾದ ಬಿಗಿ ತಿಳಿದರೆ ಸರಿ. ಬೆರಳನ್ನು ಮೇಲಕ್ಕೆ ತಳ್ಳಿದರೆ ಹೊರಸ್ನಾಯು ದುಡಿಯುತ್ತಿದೆಯೆಂದು ತಿಳಿದು, ಬಲ ಕಡಿಮೆ ಮಾಡತಕ್ಕದ್ದು. ಬೆನ್ನು ಅಲುಗಬಾರದು, ಉಸಿರು ಕಟ್ಟಬಾರದು. 10 ಸೆಕೆಂಡು ಹಿಡಿದು ಬಿಡಿ. 10 ಸಲ ಮಾಡಿ. ಗರಡಿಯಲ್ಲಿ ಪಳಗಿದವರಿಗೆ ಇದು ಆಟವೆನಿಸೀತು, ಆದರೆ ಹೆಚ್ಚು ತಪ್ಪುವವರೂ ಅವರೇ, ಏಕೆಂದರೆ ಅವರಿಗೆ ಮೆಲ್ಲಗೆ ಮಾಡಿ ರೂಢಿಯಿಲ್ಲ.

ಇದು ಕೈವಶವಾದ ಮೇಲೆ ಹಸುವಿನಂತೆ ಕೈಮಂಡಿಯೂರಿ, ಆಮೇಲೆ ನಿಂತು, ನಡೆಯುತ್ತಾ ಅಭ್ಯಾಸ ಮಾಡಿರಿ. ಹೊರೆ ಎತ್ತುವಾಗ ಮಾತ್ರ ಹೊಟ್ಟೆಯನ್ನು ಒಳಕ್ಕೆಳೆಯಬೇಡಿ. ಯಾರೋ ಗುದ್ದಲು ಬಂದಾಗ ಗಟ್ಟಿಮಾಡುವಂತೆ ಸುತ್ತಲೂ ಬಿಗಿಮಾಡಿ, ಮಂಡಿ ಬಗ್ಗಿಸಿ, ಹೊರೆಯನ್ನು ಮೈಗೆ ಹತ್ತಿರ ತಂದುಕೊಂಡೇ ಏಳಿ.

ಇದರಿಂದ ಬೊಜ್ಜು ಕರಗದು. ಹಳೆಯ ಸೊಂಟನೋವಿಗೆ ಇದೊಂದೇ ಮದ್ದೂ ಅಲ್ಲ. ನಡಿಗೆ ಮುಂತಾದ ಇತರ ವ್ಯಾಯಾಮಗಳಿಂದಲೂ ಗುಣವುಂಟು. ಅಭ್ಯಾಸ ಮಾಡುವಾಗ ನೋವು ಹೆಚ್ಚಿದರೆ ನಿಲ್ಲಿಸಿರಿ. ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ನಾಟಿಮದ್ದು, ಎಣ್ಣೆ ನೀವುವುದೆಂದು ಒಂದು ದಿನವನ್ನೂ ಕಳೆಯದೆ ಆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.