ಇಂದಿನ ಧಮ್ಮ ಚಿಂತನೆ: ಗಾರವ



ಮಂಗಲ ಸುತ್ತದ ಮಂಗಲಗಳಲ್ಲಿ ‘ಗಾರವ’ವೂ ಒಂದು. ಪಾಲಿಯ ‘ಗರು’ ಅಂದರೆ ಭಾರ. ನಮ್ಮ ‘ಗೌರವ’ವೂ ಇದೇ ಮೂಲದ್ದು. ಎದುರಿಗಿರುವವರಿಗೆ ತೂಕ ಕೊಡುವುದೇ ಗೌರವ.

ಇನ್ನೊಂದು ಪದ ‘ಮಾನ’. ಕನ್ನಡದಲ್ಲಿ ಅದು ಮರ್ಯಾದೆ. ಪಾಲಿಯಲ್ಲಿ ಅಹಂಕಾರ, ಹತ್ತು ಬಂಧನಗಳಲ್ಲಿ ಒಂದು. ಅನುರುದ್ಧ, ಆನಂದ ಮೊದಲಾದ ಶಾಕ್ಯ ಕುಮಾರರು ಸಂಘ ಸೇರಲು ಬಂದಾಗ, ಕ್ಷೌರಿಕ ಉಪಾಲಿಗೇ ಮೊದಲು ಪಬ್ಬಜ್ಜ ಕೊಡಿರೆಂದು ಬುದ್ಧರನ್ನು ಬೇಡಿಕೊಂಡರು. ಮೊದಲು ಸೇರಿದವರಿಗೆ ನಂತರದವರು ವಂದಿಸಬೇಕು. ಹಾಗೆ ವಂದಿಸಿ ತಮ್ಮ ಕುಲದ ಮಾನ ಇಳಿಯಲಿ ಎಂದು. ಚುಲ್ಲವಗ್ಗದಲ್ಲಿ ಈ ಪ್ರಸಂಗವಿದೆ.

ನಾನು ಮಾಸ್ತರನಾದ ಮೇಲೆ ಊರಲ್ಲಿ ನನಗೆ ‘ಬರ್ರಿ ಸರ್’ ಅಂದರು. ಪಕ್ಕದಲ್ಲೇ ನಿಂತಿದ್ದ ಎಪ್ಪತ್ತರ ಅಪ್ಪನಿಗೆ ಅದೇ ಹಳೇ ‘ಬಾರೋ’. ತೂಕ ನನ್ನ ನೌಕರಿಗಿತ್ತು, ಮನುಷ್ಯನಿಗಲ್ಲ.

ಆದರೆ ಬಂಧುಗಳೇ, ನಮ್ಮ ಓಣಿ ಗುಡಿಸಲು ಬರುವ ತಾಯಿಯನ್ನು ನಾವು ಹೇಗೆ ಕರೆಯುತ್ತೇವೆ? ‘ಏ, ಬಾ ಇಲ್ಲಿ’ ಎಂದೋ, ‘ಅಕ್ಕಾರ, ಬರ್ರಿ’ ಎಂದೋ? ನಮ್ಮ ಅಪ್ಪಂದಿರಿಗೆ ಸಿಗದ ಆ ಒಂದು ‘ರಿ’ಯನ್ನು ಇಂದು ನಾವು ಕೊಡೋಣ.